ತೋಡಿಗೆ ಹೋದ ಟ್ರೇಸರ್: ಹೇಳಬೇಕಾ, ಸುಮ್ಮನಿರಬೇಕಾ?

ಪ್ರಶ್ನೆ: ನಾನು ಸಂಶೋಧನಾ ವಿದ್ಯಾರ್ಥಿ. ಅಡಿಕೆ ಮರದ ಬೇರು ಎಷ್ಟು ದೂರದಿಂದ ಗೊಬ್ಬರ ಎಳೆಯುತ್ತದೆ ಎಂದು ನೋಡಲು ಕಾರ್ಕಳದ ಹತ್ತಿರ ಒಬ್ಬರ ತೋಟದಲ್ಲಿ ಮೇ ಕೊನೆಯಲ್ಲಿ ಆರು ಮರಗಳ ಬುಡಕ್ಕೆ ಪಿ-32 ಹಾಕಿದ್ದೆವು, ಅಂದರೆ ಗೊಬ್ಬರದ ಜಾಡು ಹಿಡಿಯಲು ಟ್ರೇಸರ್ ಆಗಿ ಬಳಸುವ ವಿಕಿರಣಶೀಲ ರಂಜಕ. ಮರವೊಂದಕ್ಕೆ 18.5 ಮೆಗಾಬೆಕ್ವೆರೆಲ್ (ವಿಕಿರಣಶೀಲತೆಯ ಅಳತೆ), ಸುತ್ತ 16 ಗುಂಡಿಗಳಲ್ಲಿ ಸಮನಾಗಿ ಹಂಚಿ. ಐದನೇ ದಿನ ರಾತ್ರಿ ಜೋರು ಮಳೆ ಬಂತು. ಕಣಿಯ (ತೋಟದ ನೀರು ಹೋಗುವ ಕಾಲುವೆಯ) ಬದಿ ಕುಸಿದು ಒಂದು ಮರದ ನಾಲ್ಕು ಗುಂಡಿಗಳ ಮಣ್ಣು ತೋಡಿಗೆ (ಹಳ್ಳಕ್ಕೆ) ಹೋಯಿತು. ಬೆಳಿಗ್ಗೆ ವಿಕಿರಣ ಅಳೆಯುವ ಮೀಟರ್ ಹಿಡಿದರೆ ಏನೂ ತೋರಿಸಲಿಲ್ಲ. "ಇಷ್ಟು ಚಿಕ್ಕದಕ್ಕೆ ಬರೆಯುವುದು ಬೇಡ, ಹೇಗೂ ಕರಗಿಹೋಗುತ್ತದೆ" ಎಂದರು ಗೈಡ್. ಈಗ ಎರಡು ವಾರ ಕಳೆದಿದೆ. ಇದನ್ನು ವರದಿ ಮಾಡಲೇಬೇಕಾ? ಮಾಡುವುದಾದರೆ ಯಾರಿಗೆ? ನನ್ನ ಪಿಎಚ್‌ಡಿಗೆ ಏನಾದರೂ ಆಗುತ್ತದಾ?

ಉತ್ತರ: ಮಾಡಬೇಕು. ಇವತ್ತೇ ಮಾಡಬೇಕು. ಪಿಎಚ್‌ಡಿಗೆ ಏನೂ ಆಗಲಿಕ್ಕಿಲ್ಲ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಮಂಗಳೂರಿನಲ್ಲಿ ಸುಮಾರು ಮೂವತ್ತು ವರ್ಷ ವಿಕಿರಣ ಸುರಕ್ಷತಾ ಅಧಿಕಾರಿಯಾಗಿದ್ದವನು. ನಮ್ಮವರ ಬಾಯಲ್ಲಿ ಆರ್‌ಎಸ್‌ಒ. ಇಷ್ಟು ವರ್ಷಗಳಲ್ಲಿ "ಚಿಕ್ಕದು, ಬಿಟ್ಟುಬಿಡಿ" ಎನ್ನುವ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಕೆಟ್ಟವರೇನಲ್ಲ. ಅವರ ತಲೆಯಲ್ಲಿ "ಇದರಿಂದ ಯಾರಿಗಾದರೂ ತೊಂದರೆ ಆಗುತ್ತದಾ?" ಎನ್ನುವ ಪ್ರಶ್ನೆ ಇರುತ್ತದೆ. ವರದಿಯ ಪ್ರಶ್ನೆ ಬೇರೆ. "ತಂದದ್ದೆಲ್ಲ ಈಗ ಎಲ್ಲಿದೆ?" ಅಷ್ಟೇ. ನಮ್ಮ ಜಿಲ್ಲೆ ಬ್ಯಾಂಕುಗಳ ತವರು. ಸಂಜೆ ಕ್ಯಾಶ್ ಹತ್ತು ರೂಪಾಯಿ ಕಡಿಮೆ ಬಂದರೆ "ಹತ್ತೇ ರೂಪಾಯಿ ಅಲ್ವಾ" ಎಂದು ಯಾವ ಕ್ಯಾಷಿಯರೂ ಬಾಗಿಲು ಹಾಕಿ ಹೋಗುವುದಿಲ್ಲ. ನಿಮ್ಮ ಪುಸ್ತಕದಲ್ಲಿ ನಾಲ್ಕು ಗುಂಡಿ ಕಡಿಮೆ ಬಂದಿದೆ.

ನಿಮಗೆ ಸಿಕ್ಕ ಅನುಮತಿಯನ್ನು ಮೊದಲು ತೆಗೆದು ಓದಿ. ಗೈಡ್ ಕಪಾಟಿನಲ್ಲಿ ಇರುತ್ತದೆ. ಹೊರಗೆ, ಮಣ್ಣಿಗೆ ಟ್ರೇಸರ್ ಹಾಕಲು ಒಪ್ಪಿಗೆ ಕೊಡುವಾಗ ಯಾವ ಜಾಗ, ಎಷ್ಟು ಪ್ರಮಾಣ, ಬೇಲಿ ಹೇಗೆ, ನೀರು ಹರಿದು ಹೋಗದಂತೆ ಏನು ಮಾಡುತ್ತೀರಿ ಎಂದು ನೀವೇ ಬರೆದುಕೊಟ್ಟಿರುತ್ತೀರಿ. ಆ ಗೆರೆಯೊಳಗೆ ಮಣ್ಣಿಗೆ ಸೇರಿದ್ದು ಪ್ರಯೋಗ. ಗೆರೆ ದಾಟಿ ತೋಡಿಗೆ ಸೇರಿದ್ದು ಬಿಡುಗಡೆ. ಪ್ರಮಾಣ ಒಂದೇ ಇರಬಹುದು, ವಸ್ತು ಒಂದೇ ಇರಬಹುದು, ಆದರೆ ಎರಡಕ್ಕೂ ಹೆಸರು ಬೇರೆ. ಮೇ ಕೊನೆಯಲ್ಲಿ ಟ್ರೇಸರ್ ಹಾಕಿದ್ದು ಯಾಕೆ ಎಂದು ಕೂಡ ಕೇಳುತ್ತಾರೆ, ಉತ್ತರ ಯೋಚಿಸಿ ಇಟ್ಟುಕೊಳ್ಳಿ. ಮೇ ಕೊನೆಗೆ ಬರುವ ಪತ್ತನಾಜೆಗೆ ಹತ್ತು ಹನಿ ಎನ್ನುತ್ತಾರೆ ನಮ್ಮ ಕಡೆ. ಆ ಹತ್ತು ಹನಿ ಎಷ್ಟು ಹೊತ್ತಿಗೆ ಹತ್ತು ಕೊಡ ಆಗುತ್ತದೆ ಎಂದು ಕಾರ್ಕಳದವರಿಗೆ ನಾನು ಹೇಳಬೇಕಾಗಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ಬೇಕಾದ ಅಂಕಿಗಳೆಲ್ಲ ಇವೆ, ನೀವು ಕೂತು ಗುಣಿಸಿಲ್ಲ ಅಷ್ಟೇ.

ಆರು ಮರಕ್ಕೆ ಒಟ್ಟು 111 ಮೆಗಾಬೆಕ್ವೆರೆಲ್, ಹಳೆಯ ಅಳತೆಯಲ್ಲಿ 3 ಮಿಲಿಕ್ಯೂರಿ. ಒಂದು ಮರದ 16 ಗುಂಡಿಯಲ್ಲಿ ನಾಲ್ಕು ಹೋಯಿತು ಎಂದರೆ 18.5ರ ಕಾಲು ಭಾಗ, 4.6. ಪಿ-32ರ ಅರ್ಧಾಯುಷ್ಯ 14.3 ದಿನ, ಅಂದರೆ ಅಷ್ಟು ದಿನಕ್ಕೆ ಅದು ಅರ್ಧ ಆಗುತ್ತದೆ. ಐದು ದಿನದಲ್ಲಿ ಅದು ಸುಮಾರು ಶೇಕಡಾ 78ಕ್ಕೆ ಇಳಿದಿರುತ್ತದೆ. ಹಾಗಾಗಿ ಮಳೆಯ ರಾತ್ರಿ ತೋಡಿಗೆ ಹೋಗಿರಬಹುದಾದ್ದು ಜಾಸ್ತಿ ಅಂದರೆ 3.6 ಮೆಗಾಬೆಕ್ವೆರೆಲ್. ಇಷ್ಟೇ ಹೋಗಿದೆ ಎಂದಲ್ಲ, ಇದಕ್ಕಿಂತ ಜಾಸ್ತಿ ಹೋಗಿರಲು ಸಾಧ್ಯವಿಲ್ಲ ಎಂದು. ವರದಿಯಲ್ಲಿ ಈ ಮೇಲಿನ ಮಿತಿಯನ್ನೇ ಬರೆಯಿರಿ. "ಅತ್ಯಲ್ಪ", "ನಗಣ್ಯ" ಎಂಬ ಪದಗಳನ್ನು ಬರೆಯಬೇಡಿ. ಅವು ಅಂಕಿಗಳಲ್ಲ.

ಇಲ್ಲಿ ಒಂದು ಕಡೆ ತುಂಬಾ ಜನ ಎಡವುತ್ತಾರೆ. ಸೀಸೆಯ ಲೇಬಲ್ ಮೇಲಿನ ಅಂಕಿ ಒಂದು ನಿರ್ದಿಷ್ಟ ತಾರೀಕಿನದು. 185 ಎಂದು ಬರೆದ ಸೀಸೆಯನ್ನು ಆ ತಾರೀಕಿನಿಂದ ಎರಡು ವಾರ ಬಿಟ್ಟು ತೆರೆದರೆ ಒಳಗೆ ಇರುವುದು 94ರ ಆಸುಪಾಸು. ನೀವು ಹೇಳಿದ 18.5 ಲೇಬಲ್ ತಾರೀಕಿನದೋ, ಮಣ್ಣಿಗೆ ಹಾಕಿದ ದಿನದ್ದೋ ನೋಡಿಕೊಳ್ಳಿ. ನಾನು ಹಾಕಿದ ದಿನದ್ದು ಎಂದುಕೊಂಡಿದ್ದೇನೆ. ಇದೊಂದು ತಪ್ಪಿದರೆ ಉಳಿದ ಲೆಕ್ಕವೆಲ್ಲ ತಪ್ಪುತ್ತದೆ.

3.6 ಎಂದರೆ ಎಷ್ಟು? ಪೂರ್ತಿ ಒಬ್ಬರೇ ಕುಡಿದರು ಎಂದುಕೊಳ್ಳಿ. ದೊಡ್ಡವರಿಗೆ ಪಿ-32 ಒಂದು ಬೆಕ್ವೆರೆಲ್ ಹೊಟ್ಟೆಗೆ ಹೋದರೆ ಒಂದು ಸೀವರ್ಟಿನ ನೂರು ಕೋಟಿಯಲ್ಲಿ 2.4 ಪಾಲು ಡೋಸ್ (ಸೀವರ್ಟ್ ಎಂದರೆ ಮೈಗೆ ತಗಲುವ ವಿಕಿರಣದ ಅಳತೆ). ಗುಣಿಸಿದರೆ ಸುಮಾರು 8.7 ಮಿಲಿಸೀವರ್ಟ್. ಸಾರ್ವಜನಿಕರಿಗೆ ವರ್ಷದ ಮಿತಿ 1 ಮಿಲಿಸೀವರ್ಟ್. ಹಾಗಾಗಿ ಇದು "ಏನೂ ಅಲ್ಲ" ಅಲ್ಲ. ಆದರೆ ಮಳೆಗಾಲದ ತೋಡಿನ ನೀರೆಲ್ಲ ಒಬ್ಬರ ಹೊಟ್ಟೆಗೆ ಹೋಗುವುದಿಲ್ಲ ಅಲ್ವಾ? ಸಾವಿರದಲ್ಲಿ ಒಂದು ಪಾಲು ಹೋದರೂ 0.009 ಮಿಲಿಸೀವರ್ಟ್. ನಾವೆಲ್ಲ ಸುಮ್ನೆ ಭೂಮಿ ಮೇಲೆ ಬದುಕಿರುವುದಕ್ಕೆ ಪ್ರಪಂಚದ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ ತೆಗೆದುಕೊಳ್ಳುತ್ತೇವೆ. ಕೂಸುಗಳ ಲೆಕ್ಕ ಮಾತ್ರ ಬೇರೆ. ಅಷ್ಟೇ ಬೆಕ್ವೆರೆಲ್ಲಿಗೆ ಹತ್ತು ಪಟ್ಟಿಗಿಂತ ಜಾಸ್ತಿ ಡೋಸ್. ಅದಕ್ಕೇ ತೋಡಿನ ಕೆಳಗೆ ಯಾರ ಬಾವಿ ಇದೆ, ಯಾರು ಬಟ್ಟೆ ಒಗೆಯುತ್ತಾರೆ, ಮಕ್ಕಳು ಎಲ್ಲಿ ಆಡುತ್ತಾರೆ ಎನ್ನುವುದನ್ನು ನಡೆದು ನೋಡಿ ಬರೆಯಬೇಕು. ಗೂಗಲ್ ಮ್ಯಾಪಿನಲ್ಲಿ ಅದು ಕಾಣುವುದಿಲ್ಲ.

ನಿಮ್ಮ ಅದೃಷ್ಟಕ್ಕೆ ನಮ್ಮ ಮಣ್ಣೂ ಸ್ವಲ್ಪ ಸಹಾಯ ಮಾಡಿದೆ. ಮುರಕಲ್ಲಿನ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಜಾಸ್ತಿ. ಅವು ರಂಜಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಹಾಕಿದ ಫಾಸ್ಫೇಟ್ ಗೊಬ್ಬರದಲ್ಲಿ ಮರಕ್ಕೆ ಸಿಗುವುದು ಸ್ವಲ್ಪವೇ ಎಂದು ತೋಟದವರು ಗೊಣಗುವುದು ಇದೇ ಕಾರಣಕ್ಕೆ. ಆದ್ದರಿಂದ ಪಿ-32 ನೀರಿನಲ್ಲಿ ಕರಗಿ ಸಮುದ್ರದವರೆಗೆ ಓಡಿದ್ದಕ್ಕಿಂತ ಕೆಸರಿಗೆ ಅಂಟಿಕೊಂಡು ಹತ್ತಿರದ ಗುಂಡಿಯಲ್ಲಿ, ಕಟ್ಟದ (ನೀರು ತಡೆಯುವ ಸಣ್ಣ ಒಡ್ಡಿನ) ಹಿಂದೆ ಕೂತಿರುವ ಸಾಧ್ಯತೆಯೇ ಜಾಸ್ತಿ. ನೀವು ಟ್ರಿಟಿಯಂ ಹಾಕಿದ್ದರೆ ಕಥೆ ಬೇರೆ ಇರುತ್ತಿತ್ತು. ಅದು ನೀರೇ ಆಗಿಬಿಡುತ್ತದೆ, ನೀರು ಹೋದಲ್ಲಿ ಹೋಗುತ್ತದೆ, ಅರ್ಧಾಯುಷ್ಯವೂ 12 ವರ್ಷಕ್ಕಿಂತ ಜಾಸ್ತಿ.

ಈಗ ಆ ಮೀಟರ್ ವಿಷಯ. "ಏನೂ ತೋರಿಸಲಿಲ್ಲ" ಎಂದು ಬರೆದಿದ್ದೀರಿ. ತೋರಿಸುವುದಿಲ್ಲ. ಪಿ-32 ಸೂಸುವುದು ಬರೀ ಬೀಟಾ ಕಣ. ಗಾಳಿಯಲ್ಲಿ ಆರು ಮೀಟರ್‌ವರೆಗೆ ಹಾರುವ ಆ ಕಣ ನೀರಿನಲ್ಲಿ 8 ಮಿಲಿಮೀಟರ್ ದಾಟುವುದಿಲ್ಲ. ಮೇಲೆ ಅರ್ಧ ಇಂಚು ಒದ್ದೆ ಕೆಸರು ಕೂತರೆ ಸಾಕು, ನಿಮ್ಮ ಸರ್ವೆ ಮೀಟರ್ ಕಣ್ಣು ಕಟ್ಟಿದ ಹಾಗೆ. ಹಾಗಾಗಿ ಮಾದರಿ ತರಬೇಕು. ಕುಸಿದ ಜಾಗದಿಂದ ತೋಡಿನ ಮೇಲಕ್ಕೆ ಹೋಗಿ ಒಂದು, ಅದು ಹೋಲಿಕೆಗೆ. ಕೆಳಗೆ ಕೆಸರು ನಿಲ್ಲುವ ಮೂರು ನಾಲ್ಕು ಕಡೆ ಒಂದೊಂದು. ನೀರಿನ ಮಾದರಿಗೆ ಪ್ಲಾಸ್ಟಿಕ್ ಬಾಟಲಿ, ಕೆಲವು ಹನಿ ನೈಟ್ರಿಕ್ ಆಸಿಡ್. ಇಲ್ಲದಿದ್ದರೆ ರಂಜಕ ಬಾಟಲಿಯ ಗೋಡೆಗೇ ಅಂಟಿ ಕೂರುತ್ತದೆ. ಅಳೆಯಲು ಬೀಟಾ ಎಣಿಸುವ ಲಿಕ್ವಿಡ್ ಸಿಂಟಿಲೇಶನ್ ಕೌಂಟರ್ ಬೇಕು. ಒಮ್ಮೆ ಒಬ್ಬರು ಇಂಥದ್ದೇ ಕೆಸರನ್ನು ಗಾಮಾ ಸ್ಪೆಕ್ಟ್ರೋಮೀಟರಿನಲ್ಲಿ ಇಡೀ ರಾತ್ರಿ ಇಟ್ಟು "ಏನೂ ಇಲ್ಲ" ಎಂದು ನೆಮ್ಮದಿಯಿಂದ ವರದಿ ಕೊಟ್ಟಿದ್ದರು. ಗಾಮಾ ಸೂಸದ ವಸ್ತುವನ್ನು ಗಾಮಾ ಯಂತ್ರದಲ್ಲಿ ಹುಡುಕಿದರೆ ನೆಮ್ಮದಿ ಬಿಟ್ಟು ಇನ್ನೇನು ಸಿಗುತ್ತದೆ?

ಇನ್ನು, ತೋಡಿಗಿಂತ ನನಗೆ ಜಾಸ್ತಿ ಚಿಂತೆ ಇರುವುದು ನೀವು ಪತ್ರದಲ್ಲಿ ಹೇಳದ ಒಂದು ವಿಷಯದ ಬಗ್ಗೆ. ಅಡಿಕೆ ಹಾಳೆ, ಸೋಗೆಯ ಬುಡದ ಅಗಲ ಪಟ್ಟೆ.

ನನ್ನ ಕೆಲಸದ ಶುರುವಿನ ವರ್ಷಗಳ ಮಾತು. ನಾವೂ ಹೀಗೇ ಒಂದು ತೋಟದಲ್ಲಿ ಆರು ಅಡಿಕೆ ಮರಕ್ಕೆ ಟ್ರೇಸರ್ ಹಾಕಿದ್ದೆವು. ಸುತ್ತ ಹಗ್ಗ ಕಟ್ಟಿ ಹಳದಿ ಬೋರ್ಡು ತೂಗುಹಾಕಿದ್ದೆವು. ಬೇರು ಎಳೆದದ್ದು ಎಲೆಗೆ ಬರುತ್ತದೆ, ಎಲೆಯನ್ನೇ ನಾವು ಅಳೆಯುವುದು. ಹಾಗಾಗಿ ಬಿದ್ದ ಸೋಗೆ, ಹಾಳೆ ಎಲ್ಲವನ್ನೂ ಎಣಿಸಿ ಗೋಣಿಯಲ್ಲಿ ತುಂಬುವುದು ನಿಯಮ. ಒಂದು ದಿನ ಒಂದು ಹಾಳೆ ಕಡಿಮೆ ಬಂತು. ಗಾಳಿಗೆ ಹಾರಿರಬೇಕು ಎಂದ ನಮ್ಮ ಹುಡುಗ. ಅಡಿಕೆ ಹಾಳೆ ಎಷ್ಟು ಭಾರ ಇರುತ್ತದೆ ಎಂದು ನಮ್ಮೂರಿನಲ್ಲಿ ಯಾರಿಗೆ ಗೊತ್ತಿಲ್ಲ? ಹುಡುಕುತ್ತಾ ಹೋದರೆ ತೋಟದ ಕೆಲಸಕ್ಕೆ ಬರುತ್ತಿದ್ದ ಅಕ್ಕ ನಕ್ಕು ಹೇಳಿದರು, "ಒಳ್ಳೆ ಅಗಲದ ಹಾಳೆ ಇತ್ತು, ನಾನೇ ತಗೊಂಡು ಹೋದೆ." ಬೋರ್ಡು ನೋಡಲಿಲ್ಲವಾ ಎಂದರೆ, ನೋಡಿದ್ದರಂತೆ. ಬೋರ್ಡು ಇಂಗ್ಲಿಷಿನಲ್ಲಿತ್ತು.

ಮನೆಗೆ ಹೋದೆವು. ಅವರ ಯಜಮಾನರು ಅಂಗಳದಲ್ಲಿ ಕಟ್ಟಿಗೆ ಸೀಳುತ್ತಿದ್ದರು. ತಲೆ ಮೇಲೆ ಹೊಸ ಮುಟ್ಟಾಳೆ, ಹಾಳೆಯ ಟೊಪ್ಪಿ. ನಮ್ಮ ಹಾಳೆ.

ಮೀಟರ್ ಹಿಡಿದಾಗ ಅಂಗಳದ ಮಾಮೂಲು ಎಣಿಕೆಗಿಂತ ಸ್ವಲ್ಪ ಜಾಸ್ತಿ ಟಿಕ್ ಟಿಕ್ ಎಂದಿತು, ಅಷ್ಟೇ. ಮಣ್ಣಿಗೆ ಹಾಕಿದ್ದರಲ್ಲಿ ಮರ ಎಳೆಯುವುದೇ ಸಣ್ಣ ಪಾಲು, ಅದರಲ್ಲಿ ಒಂದು ಹಾಳೆಗೆ ಬರುವುದು ಇನ್ನೂ ಸಣ್ಣದು. ಅವರಿಗೆ ಏನೂ ಆಗುವಂತಿರಲಿಲ್ಲ. ಆದರೂ ಟೊಪ್ಪಿ ಕೇಳಿ ತಂದೆವು, ಬದಲಿಗೆ ಬೇರೆ ಹಾಳೆ ಕೊಟ್ಟೆವು. ಆ ಸಂಜೆ ನಾನು ವರದಿ ಬರೆಯಲು ಕೂತಾಗ ಹಿರಿಯರೊಬ್ಬರು "ಟೊಪ್ಪಿಗೂ ವರದಿಯಾ?" ಎಂದು ನಕ್ಕರು. ಬರೆದೆ. ಅದರಿಂದ ಆದ ದೊಡ್ಡ ಬದಲಾವಣೆ ಎಂದರೆ ಮುಂದಿನ ಪ್ರಯೋಗಕ್ಕೆ ಬೋರ್ಡು ಕನ್ನಡದಲ್ಲಿ ಬಂತು. ಜತೆಗೆ ಕೆಲಸದವರನ್ನೆಲ್ಲ ಕರೆದು ತುಳುವಿನಲ್ಲಿ ಹೇಳುವ ಪದ್ಧತಿ ಶುರುವಾಯಿತು. ಬರೆಯದೇ ಇದ್ದಿದ್ದರೆ ಬೋರ್ಡು ಇವತ್ತಿಗೂ ಇಂಗ್ಲಿಷಿನಲ್ಲೇ ಇರುತ್ತಿತ್ತೇನೋ.

ನಿಮ್ಮ ತೋಟದಲ್ಲಿ ಆ ಆರು ಮರಗಳ ಹಾಳೆ, ಸೋಗೆ ಎಲ್ಲಿ ಹೋಗುತ್ತಿದೆ? ದನದ ಹಟ್ಟಿಗೆ ಹಾಸುತ್ತಿದ್ದಾರಾ? ತಟ್ಟೆ ಮಾಡುವವರು ಬಂದು ಒಯ್ಯುತ್ತಾರಾ? ಇದನ್ನೂ ವರದಿಯಲ್ಲಿ ಸೇರಿಸಿ.

ಯಾರಿಗೆ ಹೇಳಬೇಕು ಎನ್ನುವುದು ಸುಲಭ. ಮೊದಲು ನಿಮ್ಮ ಸಂಸ್ಥೆಯ ಆರ್‌ಎಸ್‌ಒಗೆ ಫೋನ್, ಆಮೇಲೆ ಬರಹದಲ್ಲಿ. ಪಿ-32 ತರಿಸಲು ಒಪ್ಪಿಗೆ ಸಿಕ್ಕಿದೆ ಎಂದರೆ ಆರ್‌ಎಸ್‌ಒ ಇದ್ದೇ ಇರುತ್ತಾರೆ. ಅವರು ಸಂಸ್ಥೆಯ ಮುಖ್ಯಸ್ಥರಿಗೆ ಹೇಳುತ್ತಾರೆ. ಸಂಸ್ಥೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ, ಅಂದರೆ ಮುಂಬೈಯ ಅಣುಶಕ್ತಿನಗರದಲ್ಲಿರುವ ಎಇಆರ್‌ಬಿಗೆ ತಿಳಿಸುತ್ತದೆ. 2004ರ ವಿಕಿರಣ ಸಂರಕ್ಷಣಾ ನಿಯಮಗಳ ಪ್ರಕಾರ ಅಪಘಾತವಾದರೆ, ವಿಕಿರಣ ಮೂಲ ಕಳೆದುಹೋದರೆ 24 ಗಂಟೆಯೊಳಗೆ ತಿಳಿಸಬೇಕು. ನಿಮ್ಮದು ಆ ಅರ್ಥದಲ್ಲಿ ಅಪಘಾತವೋ ಅಲ್ಲವೋ ಎಂದು ನೀವಾಗಲಿ ಗೈಡ್ ಆಗಲಿ ತೀರ್ಮಾನಿಸಬೇಡಿ. ಅದು ಆರ್‌ಎಸ್‌ಒ ತಲೆನೋವು. ಅವರಿಗೆ ಆ ತಲೆನೋವಿಗೇ ಸಂಬಳ.

ನಿಮ್ಮ ಗೈಡ್ ಗಮನಿಸದ ಒಂದು ಮಾತು ಅದೇ ನಿಯಮಗಳಲ್ಲಿದೆ. ಅಪಘಾತ, ಅಪಾಯದ ಸಾಧ್ಯತೆ ಏನು ಕಣ್ಣಿಗೆ ಬಿದ್ದರೂ ಸಂಸ್ಥೆಗೂ ಆರ್‌ಎಸ್‌ಒಗೂ ತಿಳಿಸುವ ಹೊಣೆ ವಿಕಿರಣದ ಜತೆ ಕೆಲಸ ಮಾಡುವ ಪ್ರತಿಯೊಬ್ಬರ ಮೇಲೂ ಇದೆ. ಅಂದರೆ ನಿಮ್ಮ ಮೇಲೂ. ಗೈಡ್ ಬೇಡ ಎಂದರು ಎನ್ನುವುದು ಉತ್ತರವಾಗುವುದಿಲ್ಲ. ಇದನ್ನು ಅವರ ಮೇಲೆ ದೂರು ಎಂದು ಬರೆಯಬೇಡಿ. "ಸರ್, ನಿಯಮದಲ್ಲಿ ನನ್ನ ಹೆಸರಿನಲ್ಲೂ ಹೊಣೆ ಇದೆ, ಇಬ್ಬರೂ ಸಹಿ ಹಾಕಿ ಕಳಿಸೋಣವಾ?" ಎಂದು ಕರಡನ್ನು ಅವರ ಮುಂದೆ ಇಡಿ. ಹತ್ತರಲ್ಲಿ ಒಂಬತ್ತು ಜನ ಸಹಿ ಹಾಕುತ್ತಾರೆ.

ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಬೇಕಾ ಎಂದು ಕೆಲವರು ಕೇಳುವುದುಂಟು. ಅಪಾಯಕಾರಿ ತ್ಯಾಜ್ಯದ 2016ರ ನಿಯಮಗಳು ವಿಕಿರಣ ತ್ಯಾಜ್ಯವನ್ನು ಹೊರಗಿಟ್ಟಿವೆ. ದಾರಿ ಎಇಆರ್‌ಬಿಯದೇ. ಆದರೆ ತೋಟದ ಯಜಮಾನರಿಗೆ ಹೇಳುವುದನ್ನು ಯಾವ ಕಚೇರಿಗೂ ಕಾಯಿಸಬೇಡಿ. ಜಾಗ ಕೊಟ್ಟವರು ಅವರು. ನಿಮ್ಮಿಂದ ಕೇಳಿದರೆ "ಹೌದಾ ಮಾರಾಯ್ರೆ" ಎಂದು ಒಂದು ಚಾ ಕೊಟ್ಟು ಕಳಿಸುತ್ತಾರೆ. ಪಕ್ಕದ ಮನೆಯವರಿಂದ ಕೇಳಿದರೆ ಇನ್ನು ಹತ್ತು ವರ್ಷ ಆ ಊರಿನಲ್ಲಿ ಯಾರೂ ಸಂಶೋಧನೆಗೆ ಜಾಗ ಕೊಡುವುದಿಲ್ಲ.

ವರದಿ ಎರಡು ಪುಟ ಮೀರಬಾರದು. ತಂದದ್ದೆಷ್ಟು, ಯಾವ ತಾರೀಕಿಗೆ. ಹಾಕಿದ್ದೆಷ್ಟು, ಸೀಸೆಯಲ್ಲಿ, ತೊಳೆದ ನೀರಿನಲ್ಲಿ, ಕೈಗವಸಿನಲ್ಲಿ ಉಳಿದದ್ದೆಷ್ಟು. ಹೋದದ್ದು ಜಾಸ್ತಿ ಅಂದರೆ ಎಷ್ಟು, ಹೇಗೆ ಗುಣಿಸಿದಿರಿ. ಕೈಯಲ್ಲಿ ಬರೆದ ಒಂದು ನಕ್ಷೆ: ಮರ, ಕಣಿ, ತೋಡು, ಕಟ್ಟ, ಬಾವಿ. ಕುಸಿದ ಜಾಗದ ಫೋಟೊ, ಒಂದು ಅಳತೆಪಟ್ಟಿ ಇಟ್ಟು ತೆಗೆದದ್ದು. ಮಾಡಿದ್ದೇನು, ಮಾಡಬೇಕಾದ್ದೇನು. ಮುಗಿಯಿತು. ಬಾಳೆಹಣ್ಣಿನಲ್ಲೂ ವಿಕಿರಣ ಇದೆ ಎನ್ನುವ ಹೋಲಿಕೆ ಬೇಡ, ದಯವಿಟ್ಟು. ನಮ್ಮೆಲ್ಲರ ಮೈಯಲ್ಲೂ ನಾಲ್ಕು ಸಾವಿರಕ್ಕೂ ಜಾಸ್ತಿ ಬೆಕ್ವೆರೆಲ್ ವಿಕಿರಣಶೀಲ ಪೊಟ್ಯಾಶಿಯಂ ಇದೆ, ನಿಜ. ಅದನ್ನು ಹೇಳಿ ಧೈರ್ಯ ತುಂಬಲು ಹೋದರೆ ನಿಮ್ಮ 3.6 ಮೆಗಾಬೆಕ್ವೆರೆಲ್ ಎಂಟುನೂರು ಜನರ ಮೈಗೆ ಸಮ ಎಂದು ಎದುರಿನವರು ಭಾಗಿಸಿ ತೋರಿಸುತ್ತಾರೆ.

ಪಿಎಚ್‌ಡಿ ಬಗ್ಗೆ. ನಾನು ಕಂಡಂತೆ ಹೇಳಿದ್ದಕ್ಕೆ ಯಾರ ಪದವಿಯೂ ಹೋಗಿಲ್ಲ. ಪ್ರಯೋಗ ಸ್ವಲ್ಪ ದಿನ ನಿಲ್ಲಬಹುದು, ವಿಧಾನ ತಿದ್ದಿ ಎನ್ನಬಹುದು. ಹೇಳದೆ ಬಿಟ್ಟದ್ದು, ಲೆಕ್ಕ ಇಡದೆ ಬಿಟ್ಟದ್ದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನೋಡಬೇಕಾದರೆ ದೆಹಲಿಯ ಮಾಯಾಪುರಿ ಸಾಕು. ದೆಹಲಿ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಎಷ್ಟೋ ವರ್ಷ ಬಳಸದೆ ಬಿದ್ದಿದ್ದ ಕೋಬಾಲ್ಟ್-60 ಯಂತ್ರ 2010ರಲ್ಲಿ ಹರಾಜಿನಲ್ಲಿ ಗುಜರಿಗೆ ಹೋಯಿತು. ಒಳಗೆ ಏನಿದೆ ಎಂದು ತಿಳಿಯದೆ ಬಿಚ್ಚಿದರು. ಒಬ್ಬರು ಸತ್ತರು, ಹಲವರು ಆಸ್ಪತ್ರೆ ಸೇರಿದರು. ಅಲ್ಲಿಯದು ನಿಮ್ಮ ಪಿ-32ಕ್ಕೆ ಹೋಲಿಸುವ ಪ್ರಮಾಣವೇ ಅಲ್ಲ. ಆದರೆ ಅದೂ ಶುರುವಾದದ್ದು ಯಾರದೋ ಪುಸ್ತಕದಲ್ಲಿ ಒಂದು ಸಾಲು ಬಿಟ್ಟುಹೋದಲ್ಲಿಂದ.

ಇದೇ ವಿಷಯಕ್ಕೆ ಬೇರೆ ಕೆಲವರೂ ಆಗಾಗ ಕೇಳುವುದರಿಂದ ಎರಡು ಮಾತು. ಮಣ್ಣಿನ ತೇವ ಅಳೆಯುವ ನ್ಯೂಟ್ರಾನ್ ಪ್ರೋಬ್ ಬಳಸುವವರಿಗೆ: ಅದರೊಳಗಿನ ಅಮೆರಿಸಿಯಂ-241ರ ಅರ್ಧಾಯುಷ್ಯ 432 ವರ್ಷ. ಕೊಳವೆಯಲ್ಲಿ ಸಿಕ್ಕಿಕೊಂಡರೆ, ಬಾವಿಗೆ ಬಿದ್ದರೆ, ಜೀಪಿನಿಂದ ಕಳೆದುಹೋದರೆ ನೀವೇ ಅಗೆಯಲು, ಎಳೆಯಲು ಹೋಗಬೇಡಿ. ಆ ಕ್ಷಣ ಫೋನ್. ಇನ್ನು ಮಣ್ಣು ನೀರು ಅಳೆಯುವವರಿಗೆ: ಉಳ್ಳಾಲದ ಕಡಲ ತೀರದಲ್ಲಿ ಮೀಟರ್ ಜೋರಾಗಿ ಕೂಗಿದರೆ ಅದು ಯಾರೂ ಚೆಲ್ಲಿದ್ದಲ್ಲ, ಮರಳಿನ ಮೋನಜೈಟಿನಲ್ಲಿರುವ ಥೋರಿಯಂ. ಊರಿನ ಚರಂಡಿ ಕೆಸರನ್ನು ಗಾಮಾ ಯಂತ್ರದಲ್ಲಿ ಇಟ್ಟಾಗ 364 ಕೆಇವಿಯ (ಗಾಮಾ ಕಿರಣದ ಶಕ್ತಿಯ ಅಳತೆ) ಗೆರೆ ಕಂಡರೆ ಅಯೋಡಿನ್-131. ಥೈರಾಯ್ಡ್ ಚಿಕಿತ್ಸೆ ಮುಗಿಸಿ ಮನೆಗೆ ಬಂದವರ ಶೌಚದಿಂದ ಅಷ್ಟಿಷ್ಟು ಬರುವುದು ಮಾಮೂಲು, ಎಂಟು ದಿನಕ್ಕೆ ಅರ್ಧ ಆಗುತ್ತದೆ. ಪೇಪರಿನವರಿಗೆ ಫೋನ್ ಮಾಡುವ ಮೊದಲು ಇನ್ನೊಮ್ಮೆ ಮಾದರಿ ತೆಗೆಯಿರಿ. ಆದರೆ 1173 ಮತ್ತು 1332, ಎರಡು ಗೆರೆ ಜೋಡಿಯಾಗಿ ಕಂಡರೆ ಅದು ಕೋಬಾಲ್ಟ್-60. ನಮ್ಮ ಮಣ್ಣಿನಲ್ಲಿ ಅದಕ್ಕೆ ಏನೂ ಕೆಲಸವಿಲ್ಲ. ಬೇರೆಯವರದ್ದಾದರೂ ಹೇಳಿ. ಇದಕ್ಕೆಲ್ಲ ಮೊದಲೇ ತೆಗೆದಿಟ್ಟ ಅಳತೆ ಬೇಕು. ಕೈಗಾ ಸ್ಥಾವರ ಶುರುವಾಗುವ ಮೊದಲೇ ಸುತ್ತಲಿನ ಮಣ್ಣು, ನೀರು, ಮೀನು ಅಳೆದಿಟ್ಟರು. ನೀವು ಟ್ರೇಸರ್ ಹಾಕುವ ಮೊದಲು ತೋಡಿನ ಕೆಸರು ಒಂದು ಡಬ್ಬಿ ತೆಗೆದಿಟ್ಟಿದ್ದರೆ ಈಗ ಎಷ್ಟು ಸುಲಭ ಇರುತ್ತಿತ್ತು!

ಎರಡು ವಾರ ತಡವಾಗಿದೆಯಲ್ಲ, ಈಗ ಬರೆದರೆ ಇನ್ನೂ ಕಷ್ಟವಾಗುವುದಿಲ್ಲವಾ ಎನ್ನುವುದು ನಿಮ್ಮ ಮನಸ್ಸಿನಲ್ಲಿ ಇರಬಹುದು. ತಡವನ್ನು ತಡ ಎಂದೇ ಬರೆಯಿರಿ. "ಇಂಥ ದಿನ ಆಯಿತು, ಇಂಥ ದಿನ ತಿಳಿಸುತ್ತಿದ್ದೇವೆ, ಚಿಕ್ಕದೆಂದು ಭಾವಿಸಿದ್ದು ತಪ್ಪು." ತಾರೀಕನ್ನು ಮಾತ್ರ ಹಿಂದಕ್ಕೆ ಹಾಕಬೇಡಿ. ಫೋನಿನ ಫೋಟೊದಲ್ಲಿ ತಾರೀಕು ಇರುತ್ತದೆ, ಮಳೆ ಮಾಪನದ ದಾಖಲೆಯಲ್ಲೂ ಇರುತ್ತದೆ. ಆ 3.6 ಈಗ 1.8 ಆಗಿದೆ. ಅಂದರೆ ಕೆಸರಿನಲ್ಲಿ ಹುಡುಕಿದರೆ ಇವತ್ತೂ ಸಿಗುತ್ತದೆ, ಆಗಸ್ಟ್ ನಡುವಿಗೆ ಆಟಿ ತಿಂಗಳು ಮುಗಿಯುವ ಹೊತ್ತಿಗೆ ಹುಡುಕಿದರೆ ಕಷ್ಟ. ಮಾದರಿಗೆ ನಾಳೆ ಬೆಳಿಗ್ಗೆ ಹೋಗಿ, ಮಳೆ ಸ್ವಲ್ಪ ಬಿಟ್ಟಿರುವಾಗ. ಕೈಗವಸು, ಗಂಬೂಟು ಹಾಕಿಕೊಳ್ಳಿ. ಹೋದಾಗ ತೋಟದವರ ಹಟ್ಟಿಯ ಹಿಂದೆ ಒಮ್ಮೆ ನೋಡಿ ಬನ್ನಿ, ಒಣಗಲು ಹಾಳೆ ಸಾಲಾಗಿ ಇಟ್ಟಿರುತ್ತಾರೆ.